ಹೊಸ ಗಾಡಿಗೂ ಹದ ಬೇಕು



ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ನಮಗೆಲ್ಲ ಗೊತ್ತಿದೆ. ಈ ಬೇಸಿಗೆ ರಜೆಯಲ್ಲಿ ನನ್ನ ಸೋದರಮಾವ ಗಾಡಿಯೇ ಡೊಂಕು ಅಂದರು. ಅದು ನಿಜವೋ ಸುಳ್ಳೋ ಅಂತ ನಾವು ಹೇಗೆ ಕಂಡುಹಿಡಿದೆವು ಅನ್ನೋದೇ ಈ ಲೇಖನ.

ನನ್ನ ಮಾವ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಡ್ರೈವರ್. ಅಲ್ಲಿನ ಸಾಹುಕಾರರ ಮಗ ಒಂದು ಹೊಸ ಎ.ಟಿ.ವಿ. ತರಿಸಿದ್ದರು. ನಾಲ್ಕು ದಪ್ಪ ಚಕ್ರ, ಮೇಲೆ ಮೋಟಾರ್ ಸೈಕಲ್ಲಿನ ಹಾಗೆ ಸೀಟು ಮತ್ತು ಹ್ಯಾಂಡಲ್. ಎಕ್ಸಲೇಟರ್ ಮಾತ್ರ ತಿರುಗಿಸೋದಲ್ಲ, ಬಲಗೈ ಹೆಬ್ಬೆರಳಲ್ಲಿ ಒತ್ತೋದು. ನಂಬರ್ ಪ್ಲೇಟ್ ಇಲ್ಲ, ರಸ್ತೆಗೆ ಇಳಿಸೋ ಹಾಗಿಲ್ಲ, ತೋಟದೊಳಗೇ ಓಡಬೇಕು. ಇದರಲ್ಲಿ ಎರಡು ಜಾತಿ. ಸಾಮಾನು ಹೊರುವುದು ಒಂದು, ಓಟಕ್ಕೆ ಅಂತಲೇ ಮಾಡಿದ್ದು ಇನ್ನೊಂದು. ನಮ್ಮದು ಎರಡನೆಯದು.

ಗಾಡಿ ಮರದ ಪೆಟ್ಟಿಗೆಯಲ್ಲಿ ಬಂದಿತ್ತು. ಚಕ್ರ, ಹ್ಯಾಂಡಲ್ ಎಲ್ಲ ಜೋಡಿಸಿದ್ದು ಮಾವನೇ. ಮೊದಲನೇ ದಿನ ಪಲ್ಪರ್ ಮನೆಯ ಇಳಿಜಾರಿನಲ್ಲಿ ಗಾಡಿ ಎಡಕ್ಕೆ ಎಳೆಯಿತು, ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯಿತು, ತಿರುವಿನಲ್ಲಿ ತಿರುಗದೆ ನೇರ ಹೋಗಿ ಪಲ್ಟಿ ಹೊಡೆಯಿತು. ಹೆಲ್ಮೆಟ್ ಇದ್ದದ್ದಕ್ಕೆ ಮಾವ ಉಳಿದರು, ಮಣಿಕಟ್ಟು ಮಾತ್ರ ಉಳುಕಿತು. ಸಾಹುಕಾರರಿಗೆ ಸಿಟ್ಟು ಬಂತು. "ಗಾಡಿ ಸರಿಯಿಲ್ಲವೋ, ಓಡಿಸೋನು ಸರಿಯಿಲ್ಲವೋ ಹೇಳಿ. ಗಾಡಿ ಸರಿಯಿಲ್ಲ ಅಂದ್ರೆ ವಾಪಸ್ ಕಳಿಸ್ತೀನಿ" ಅಂದರು. ಓಡಿಸೋನು ಸರಿಯಿಲ್ಲ ಅಂದರೆ ಏನಾಗುತ್ತೆ ಅಂತ ಅವರು ಹೇಳಲಿಲ್ಲ. ಅತ್ತೆ ಅವತ್ತು ಊಟ ಮಾಡಲಿಲ್ಲ.

ಗಾಡಿಯ ಜೊತೆ ಬಂದ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಇಂಗ್ಲಿಷು ಅಂತ ಯಾರೂ ಬಿಚ್ಚಿರಲಿಲ್ಲ. "ನೀನಾದ್ರೂ ಓದೇ" ಅಂದರು ಮಾವ. ಡಿಕ್ಷನರಿ ಇಟ್ಟುಕೊಂಡು ಎರಡು ರಾತ್ರಿ ಓದಿದೆ. ನನಗೆ ತಿಳಿದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ತಿರುಗುವುದು ಯಾಕೆ ಕಷ್ಟ?

ಎತ್ತಿನ ಗಾಡಿ ತಿರುಗುವಾಗ ನೋಡಿ. ಹೊರಗಿನ ಚಕ್ರ ಹೆಚ್ಚು ದೂರ ಉರುಳುತ್ತೆ, ಒಳಗಿನದು ಕಡಿಮೆ. ಎರಡೂ ಚಕ್ರ ಅಚ್ಚಿನ ಮೇಲೆ ಬೇರೆಬೇರೆಯಾಗಿ ತಿರುಗೋದರಿಂದ ತೊಂದರೆಯಿಲ್ಲ. ಜೀಪಿನಲ್ಲಿ ಈ ಕೆಲಸಕ್ಕೇ ಡಿಫರೆನ್ಷಿಯಲ್ ಇದೆ. ಆದರೆ ಓಟದ ಎ.ಟಿ.ವಿ.ಯಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿಯಾಗಿ ಕೂತಿರುತ್ತವೆ. ಒಂದು ಎಷ್ಟು ಸುತ್ತುತ್ತೋ ಇನ್ನೊಂದೂ ಅಷ್ಟೇ ಸುತ್ತಬೇಕು. ಆದ್ದರಿಂದ ಗಾಡಿಗೆ ನೇರ ಹೋಗೋದೇ ಇಷ್ಟ. ಅದನ್ನು ತಿರುಗಿಸೋದು ಮುಂದಿನ ಚಕ್ರಗಳ ಹಿಡಿತ ಮತ್ತು ಸವಾರ ಒಳಬದಿಗೆ ವಾಲುವುದು, ಇವೆರಡೇ. ಮುಂದಿನ ಹಿಡಿತ ತಪ್ಪಿದರೆ ಮಾವನಿಗೆ ಆದದ್ದೇ ಆಗುತ್ತೆ.

ಇದು ಹೊಸ ವಿಷಯವೇನೂ ಅಲ್ಲ. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದಲ್ಲಿ ಇಂಥ ಗಾಡಿ ಮಾರಲು ಶುರುಮಾಡಿದಾಗ ಅದಕ್ಕೆ ಮೂರೇ ಚಕ್ರ. ಮೂರು ಚಕ್ರದವು ಮಗುಚಿ ಬಹಳ ಜನ ಸತ್ತರು. 1988ರಲ್ಲಿ ಅಲ್ಲಿನ ಸರ್ಕಾರದ ಜೊತೆ ಆದ ಒಪ್ಪಂದದಂತೆ ಕಂಪನಿಗಳು ಹೊಸ ಮೂರು ಚಕ್ರದ ಗಾಡಿ ಮಾರುವುದನ್ನು ನಿಲ್ಲಿಸಿದವು. ಅಷ್ಟರಲ್ಲಿ ನಾಲ್ಕು ಚಕ್ರದವು ಬಂದಿದ್ದವು. ಸುಜುಕಿ ಕಂಪನಿ 1985ರಲ್ಲಿ ಓಟಕ್ಕೆ ಅಂತಲೇ ಎಲ್.ಟಿ.250ಆರ್ ಎಂಬುದನ್ನು ತಂದಿತು. ನಮ್ಮ ಗಾಡಿ ಆ ವಂಶದ್ದು.

ಮೊದಲು ಗಾಳಿ

ಪುಸ್ತಕ ನೋಡಿ ನಾನು ಬೆಚ್ಚಿದ್ದು ಇಲ್ಲೇ. ಮುಂದಿನ ಟೈರಿಗೆ 4 ಪಿ.ಎಸ್.ಐ., ಹಿಂದಿನದಕ್ಕೆ 5 ಅಂತ ಇತ್ತು. ಪಿ.ಎಸ್.ಐ. ಅಂದರೆ ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡು ಒತ್ತಡ ಅಂತ. ಕಾರಿಗೆ ಸುಮಾರು 30 ಹಾಕುತ್ತಾರೆ. "ಮಾವ, ನೀವು ಎಷ್ಟು ಹೊಡೆಸಿದ್ರಿ?" ಅಂದೆ. "ಟೈರು ಮೆತ್ತಗಿತ್ತು, ಗಟ್ಟಿಯಾಗೋವರೆಗೂ ಹೊಡೆಸ್ದೆ" ಅಂದರು. ಜೀಪಿನ ಗೇಜು ಇಟ್ಟು ನೋಡಿದರೆ ಮುಂದಿನ ಬಲಗಡೆ 20, ಎಡಗಡೆ 15!

ಈಗ ಲೆಕ್ಕ ಮಾಡೋಣ. ಗಾಡಿ ಸುಮಾರು 180 ಕಿಲೋ, ಸವಾರ 70 ಕಿಲೋ, ಒಟ್ಟು 250. ಒಂದು ಚಕ್ರದ ಪಾಲಿಗೆ ಸುಮಾರು 62 ಕಿಲೋ. 5 ಪೌಂಡು ಅಂದರೆ ಎರಡೂಕಾಲು ಕಿಲೋ. ಹಾಗಾದರೆ 62 ಕಿಲೋ ಹೊರಲು ಟೈರಿನ 27 ಚದರ ಇಂಚು ಜಾಗ ನೆಲಕ್ಕೆ ತಾಗಬೇಕು. ಅದೇ 20 ಪಿ.ಎಸ್.ಐ. ಇದ್ದರೆ 7 ಚದರ ಇಂಚು ಸಾಕು. ಟೈರಿನ ಸ್ವಂತ ಗಡಸುತನದಿಂದ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು, ಆದರೂ ವಿಷಯ ಗೊತ್ತಾಗುತ್ತಲ್ಲ? ಬೆರಳು ಚಾಚಿದ ಪೂರ್ತಿ ಕೈಯಷ್ಟು ಹಿಡಿತ ಇರಬೇಕಾದ ಕಡೆ ಅದರ ಕಾಲು ಪಾಲಷ್ಟೇ ಇತ್ತು. ಅದಕ್ಕೇ ಜಾರಿದ್ದು, ಅದಕ್ಕೇ ಪುಟಿದದ್ದು. ಎಡಗಡೆ ಗಾಳಿ ಕಡಿಮೆ ಇದ್ದದ್ದರಿಂದ ಆ ಚಕ್ರ ಭಾರವಾಗಿ ಉರುಳಿ ಗಾಡಿಯನ್ನು ತನ್ನ ಕಡೆಗೆ ಎಳೆದಿತ್ತು.

ಬಂಕಿನ ಗೇಜಿನಲ್ಲಿ 4, 5 ಸರಿಯಾಗಿ ಕಾಣೋದಿಲ್ಲ. ಕಡಿಮೆ ಒತ್ತಡ ತೋರಿಸೋ ಚಿಕ್ಕ ಗೇಜೇ ಬೇಕು. ಇಲ್ಲಿ ಒಂದೇ ಒಂದು ಪಿ.ಎಸ್.ಐ. ವ್ಯತ್ಯಾಸವಾದರೂ ಅದು ಐದರಲ್ಲಿ ಒಂದು ಪಾಲು. ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿದ್ದಾಗಲೇ ನೋಡಬೇಕು.

ಎರಡನೆಯದು ಸ್ಪ್ರಿಂಗು

ಗಾಡಿ ಮೇಲೆ ಕೂತಾಗ ಅದು ಸ್ವಲ್ಪ ಕುಗ್ಗಬೇಕು. ಕುಗ್ಗದಿದ್ದರೆ ಮುಂದೆ ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯಲು ಜಾಗ ಇರೋದಿಲ್ಲ. ತೀರಾ ಕುಗ್ಗಿದರೆ ಉಬ್ಬು ಬಂದಾಗ ತಳ ಹೊಡೆಯುತ್ತೆ. ಚಕ್ರ ಮೇಲೆ ಕೆಳಗೆ ಎಷ್ಟು ಆಡುತ್ತೋ ಅದರ ಮೂರರಲ್ಲಿ ಒಂದು ಪಾಲು ಕುಗ್ಗಿದರೆ ಹದ ಅಂತ ಲೆಕ್ಕ.

ಅಳೆಯಲು ಸಮತಟ್ಟಾದ ಜಾಗ ಬೇಕು. ಕಾಫಿ ಒಣಗಿಸೋ ಸಿಮೆಂಟ್ ಕಣಕ್ಕಿಂತ ಸಮ ಇನ್ನೆಲ್ಲಿದೆ? ಅಲ್ಲೇ ನಿಲ್ಲಿಸಿದೆವು. ಮುಂಭಾಗಕ್ಕೆ ಜಾಕು ಕೊಟ್ಟು ಟೈರು ನೆಲಕ್ಕೆ ಬರೀ ಸೋಕುವಷ್ಟು ಎತ್ತಿ, ಚಾಸಿಯಿಂದ ನೆಲಕ್ಕೆ ಅಳೆದೆ. 13 ಇಂಚು. ಜಾಕು ತೆಗೆದು, ಮಾವ ಹೆಲ್ಮೆಟ್, ಬೂಟು ಹಾಕಿ ಕೂತಾಗ ಅಳೆದೆ. ಹನ್ನೊಂದೂವರೆ. ಅಂದರೆ ಕುಗ್ಗಿದ್ದು ಬರೀ ಒಂದೂವರೆ ಇಂಚು. ಚಕ್ರ ಆಡುವುದು ಒಂಬತ್ತು ಇಂಚಿನ ಮೇಲೆ, ಆದ್ದರಿಂದ ಮೂರು ಇಂಚು ಬೇಕಿತ್ತು. ಮಾವ ಕಡ್ಡಿ ಹಾಗಿದ್ದಾರೆ. ಸ್ಪ್ರಿಂಗನ್ನು ಅವರಿಗಿಂತ ದಪ್ಪ ಮನುಷ್ಯನಿಗೆ ಬಿಗಿ ಮಾಡಿದ್ದರು.

ಸ್ಪ್ರಿಂಗಿನ ತಲೆಯಲ್ಲಿ ಥ್ರೆಡ್ ಇರುವ ಒಂದು ಬಳೆ ಇದೆ. ಅದನ್ನು ಕೊಕ್ಕೆ ಪಾನಾದಿಂದ ಸಡಿಲ ಮಾಡಿ ಮೂರು ಇಂಚಿಗೆ ತಂದೆವು. ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟೇ ಸುತ್ತು. ಬಳೆ ಸಡಿಲ ಮಾಡಿದರೆ ಸ್ಪ್ರಿಂಗೇ ಮೆತ್ತಗಾಗುತ್ತೆ ಅಂತ ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಸ್ಪ್ರಿಂಗಿನ ಗಡಸು ಬದಲಾಗೋದಿಲ್ಲ, ಗಾಡಿ ನಿಲ್ಲೋ ಎತ್ತರ ಬದಲಾಗುತ್ತೆ.

ಮೂರನೆಯದು ಚಕ್ರದ ಮುಖ

ಮುಂದಿನ ಎರಡು ಚಕ್ರ ಒಂದೇ ದಿಕ್ಕು ನೋಡುತ್ತಿವೆಯಾ? ಕಣ್ಣಳತೆ ಸಾಲದು. ಹ್ಯಾಂಡಲ್ ನೇರ ಕಟ್ಟಿ, ಎರಡೂ ಟೈರಿನ ಮುಂಭಾಗದಲ್ಲಿ, ಗುಂಬದ ಎತ್ತರಕ್ಕೆ, ನಟ್ಟನಡುವೆ ಸೀಮೆಸುಣ್ಣದ ಗುರುತು ಹಾಕಿ ಅಂತರ ಅಳೆದೆವು. ಆಮೇಲೆ ಗುರುತು ಹಿಂಭಾಗಕ್ಕೆ ಬರುವಂತೆ ಗಾಡಿಯನ್ನು ಮುಂದಕ್ಕೆ ತಳ್ಳಿ, ಅದೇ ಗುರುತುಗಳ ಅಂತರ ಮತ್ತೆ ಅಳೆದೆವು. ಮುಂದೆ ಅಳೆದದ್ದು 12 ಮಿ.ಮೀ. ಜಾಸ್ತಿ ಬಂತು. ಅಂದರೆ ಚಕ್ರಗಳು ಬಾತುಕೋಳಿ ಪಾದದ ಹಾಗೆ ಹೊರಗೆ ನೋಡುತ್ತಿದ್ದವು. ಹಾಗಿದ್ದರೆ ಗಾಡಿ ನೇರ ದಾರಿಯಲ್ಲೂ ಅತ್ತಿತ್ತ ಅಲೆಯುತ್ತೆ. ಪುಸ್ತಕದ ಪ್ರಕಾರ ಮುಂಭಾಗ 0ರಿಂದ 10 ಮಿ.ಮೀ. ಕಡಿಮೆಯೇ ಇರಬೇಕು. ಸ್ಟೇರಿಂಗಿನ ಎರಡೂ ಕಡೆ ಇರುವ ಸರಳುಗಳ ನಟ್ಟು ಸಡಿಲಿಸಿ, ಎರಡನ್ನೂ ಸಮನಾಗಿ ತಿರುಗಿಸಿ 5 ಮಿ.ಮೀ. ಕಡಿಮೆ ಮಾಡಿ, ನಟ್ಟು ಮತ್ತೆ ಬಿಗಿದೆವು. ಇದನ್ನು ಸ್ಪ್ರಿಂಗಿನ ನಂತರವೇ ಮಾಡಬೇಕು, ಯಾಕೆಂದರೆ ಗಾಡಿಯ ಎತ್ತರ ಬದಲಾದರೆ ಈ ಅಳತೆಯೂ ಬದಲಾಗುತ್ತೆ.

ಕೊನೆಗೆ ಎಣ್ಣೆಯ ತಿರುಪು

ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ಹೊಡೆದು ನೋಡಿ. ಗಾಳಿ ಹೋಗೋ ದಾರಿ ಸಣ್ಣದಾದಷ್ಟೂ ಪಂಪು ನಿಧಾನ. ಶಾಕ್ ಅಬ್ಸಾರ್ಬರಿನ ಒಳಗೆ ಎಣ್ಣೆ ಸಣ್ಣ ತೂತಿನಲ್ಲಿ ಹಾಗೇ ನುಗ್ಗುತ್ತೆ. ಆ ತೂತನ್ನು ಸಣ್ಣ ದೊಡ್ಡ ಮಾಡಲು ಟಿಕ್ ಟಿಕ್ ಅನ್ನೋ ತಿರುಪು ಇದೆ. ಒಂದು ತಿರುಪು ಕುಗ್ಗುವ ವೇಗಕ್ಕೆ, ಇನ್ನೊಂದು ಮತ್ತೆ ಮೇಲೇಳುವ ವೇಗಕ್ಕೆ. ಬೇಗ ಎದ್ದರೆ ಗಾಡಿ ಕುಣಿಯುತ್ತೆ. ತೀರಾ ನಿಧಾನ ಎದ್ದರೆ ಮುಂದಿನ ಉಬ್ಬು ಬರುವಾಗ ಇನ್ನೂ ಕುಗ್ಗೇ ಇರುತ್ತೆ. ಮೊದಲು ಈಗ ಎಷ್ಟು ಟಿಕ್ಕಿನಲ್ಲಿದೆ ಅಂತ ಎಣಿಸಿ ಬರೆದುಕೊಳ್ಳಬೇಕು. ಆಮೇಲೆ ಒಂದು ಸಲಕ್ಕೆ ಒಂದೇ ತಿರುಪು, ಎರಡೇ ಟಿಕ್ಕು.

ವಿಜ್ಞಾನ ಮೇಷ್ಟ್ರು ಪ್ರಯೋಗ ಮಾಡುವಾಗ "ಒಂದು ಸಲಕ್ಕೆ ಒಂದನ್ನೇ ಬದಲಿಸಿ" ಅಂತ ಹೇಳುತ್ತಿದ್ದದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಆ ಕಣದಲ್ಲಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಹೇಗೆ ಗೊತ್ತಾಗಬೇಕು?

ಮಣಿಕಟ್ಟು ವಾಸಿಯಾದ ಮೇಲೆ ಮಾವ ಎಲ್ಲ ನಟ್ಟು ಬೋಲ್ಟು ಇನ್ನೊಮ್ಮೆ ನೋಡಿ ಅದೇ ಇಳಿಜಾರಿಗೆ ಹೋದರು. ಮೊದಲು ನಿಧಾನವಾಗಿ, ಆಮೇಲೆ ಸ್ವಲ್ಪ ಜೋರಾಗಿ. ಗಾಡಿ ಎಳೆಯಲಿಲ್ಲ, ಪುಟಿಯಲಿಲ್ಲ. ಅದೇ ತಿರುವಿನಲ್ಲಿ ಮಾವ ಒಳಗೆ ವಾಲಿದರು, ಗಾಡಿ ತಿರುಗಿತು. ಅತ್ತೆ ಕಣದ ಅಂಚಿನಲ್ಲೇ ಕೂತುಬಿಟ್ಟರು.

ಸಂಜೆ ಮಾವ ಸಾಹುಕಾರರ ಹತ್ತಿರ ಹೋಗಿ, "ಗಾಡಿ ಸರಿಯಾಗಿದೆ ಸ್ವಾಮಿ. ಓದದೆ ಗಾಳಿ ಹೊಡೆಸಿದ್ದು ನನ್ನ ತಪ್ಪು" ಅಂದರು. ಬೈಗುಳ ಬೀಳುತ್ತೆ ಅಂತ ನಾನು ಹೆದರಿದ್ದೆ. ಸಾಹುಕಾರರು ನನ್ನ ಲೆಕ್ಕದ ಪುಸ್ತಕ ಇಸಕೊಂಡು ಪುಟ ತಿರುವಿ ನೋಡಿ, "ಇನ್ನು ಮೇಲೆ ವಾರಕ್ಕೊಮ್ಮೆ ಇದರಲ್ಲಿ ಬರೀಬೇಕು" ಅಂದರು ಅಷ್ಟೇ.

ನೀನು ಓಡಿಸಿದೆಯಾ ಅಂತ ಕೇಳಬೇಡಿ. ದೊಡ್ಡವರ ಎ.ಟಿ.ವಿ.ಯನ್ನು 16 ವರ್ಷದೊಳಗಿನವರು ಓಡಿಸಬಾರದು ಅಂತ ಪುಸ್ತಕದಲ್ಲೂ ಇದೆ, ಗಾಡಿಯ ಮೇಲೂ ಅಂಟಿಸಿದ್ದಾರೆ. ಒಂದು ಪುಟ ಪಾಲಿಸಿ ಇನ್ನೊಂದು ಬಿಟ್ಟರೆ ಓದಿ ಏನು ಪ್ರಯೋಜನ?

ಆದರೆ ನಮ್ಮ ಸೈಕಲ್ ಇದೆಯಲ್ಲ! ನಾಳೆ ಬೆಳಿಗ್ಗೆ ಹೀಗೆ ಮಾಡಿ. ಎರಡೂ ಟೈರು ಒತ್ತಿ ನೋಡಿ. ಮುಂದಿನ ಚಕ್ರವನ್ನು ಕಾಲ ನಡುವೆ ಹಿಡಿದು ಹ್ಯಾಂಡಲ್ ನೇರ ಇದೆಯಾ ನೋಡಿ. ಸೀಟಿನ ಎತ್ತರ ಬೇರೆಯವರದ್ದೋ ನಿಮ್ಮದೋ ನೋಡಿ. ಒಂದೊಂದೇ ಸರಿಮಾಡಿ, ಪ್ರತಿ ಸಲವೂ ಓಡಿಸಿ, ಬರೆದಿಡಿ. ಯಾವುದರಿಂದ ಹೆಚ್ಚು ವ್ಯತ್ಯಾಸ ಆಯಿತು ಅಂತ ಈ ಲೇಖನದ ಕೆಳಗೆ ಬಿಟ್ಟಿರುವ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ.

ನೆಲ ಡೊಂಕು ಅನ್ನುವ ಮೊದಲು ಒಂದು ಸಲ ಅಳೆದು ನೋಡೋಣ.

— 9ನೆಯ ತರಗತಿಯ ವಿದ್ಯಾರ್ಥಿನಿ