ಮೀನಿನ ತೊಟ್ಟಿಗೂ ಹೆಪ್ಪು ಬೇಕು



ಅಂಗಡಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಕಪ್ಪಿನೊಳಗಿರುವ ಬೆಟ್ಟಾ ಮೀನನ್ನು ನೀವು ನೋಡಿರಬಹುದು. ರೇಷ್ಮೆ ಸೆರಗಿನಂಥ ನೀಲಿ, ಕೆಂಪು ಈಜುರೆಕ್ಕೆ. "ಇದಕ್ಕೆ ಸಣ್ಣ ಬಟ್ಟಲು ಸಾಕು" ಎಂಬ ಮಾತು ನಂಬಿ ನಾವೂ ಒಂದನ್ನು ತಂದೆವು. ಮೂರೇ ವಾರಕ್ಕೆ ಸತ್ತಿತು. "ಅಮ್ಮ, ನಾವೇನು ತಪ್ಪು ಮಾಡಿದೆವು?" ಎಂದು ಮಗಳು ಕೇಳಿದಳು. ಇವತ್ತಿನ ಮಾತು ಅದಕ್ಕೆ ಉತ್ತರ.

ಬೆಟ್ಟಾದ ತವರು ಥಾಯ್ಲೆಂಡ್. 2019ರಲ್ಲಿ ಆ ದೇಶ ಇದನ್ನು ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಭತ್ತದ ಗದ್ದೆ, ಜೌಗು ನೆಲದ ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಕಿವಿರಿನ ಜೊತೆಗೆ ಇದಕ್ಕೆ ಲ್ಯಾಬಿರಿಂತ್ ಎಂಬ ಅಂಗವೂ ಇದೆ. ನೀರಿನ ಮೇಲಕ್ಕೆ ಬಂದು ನೇರವಾಗಿ ಗಾಳಿಯನ್ನೇ ಗುಟುಕರಿಸುತ್ತದೆ. ಬಟ್ಟಲಿನಲ್ಲಿ ಕೆಲವು ದಿನ ಜೀವ ಹಿಡಿದಿರುವುದು ಇದರಿಂದಲೇ. ಆದರೆ ಉಸಿರಾಡುವುದು ಬೇರೆ, ಬಾಳುವುದು ಬೇರೆ.

ಮೀನಿನ ಮೈಯಿಂದಲೂ ತಿಂದುಳಿದ ಆಹಾರದಿಂದಲೂ ನೀರಿಗೆ ಅಮೋನಿಯಾ ಸೇರುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಿದಾಗ ಅಪಾಯ ಬಹಳ ತಗ್ಗುತ್ತದೆ. ಈ ಬ್ಯಾಕ್ಟೀರಿಯಾಗಳ ಮುಖ್ಯ ಮನೆ ಫಿಲ್ಟರಿನ ಸ್ಪಂಜು. ನಮ್ಮ ಬಟ್ಟಲಿಗೆ ಫಿಲ್ಟರೇ ಇರಲಿಲ್ಲ. ಸಾಲದ್ದಕ್ಕೆ ನಾನು ಅದನ್ನು ಪಾತ್ರೆಯಂತೆ ಉಜ್ಜಿ, ಕ್ಲೋರಿನ್ ಇರುವ ನಲ್ಲಿಯ ತಣ್ಣೀರನ್ನು ನೇರ ತುಂಬುತ್ತಿದ್ದೆ!

ಹಾಲಿಗೆ ಹೆಪ್ಪು ಹಾಕಿದ ಮೇಲೆ ಮೊಸರಾಗುವವರೆಗೆ ಕಾಯುತ್ತೇವಲ್ಲ, ಇದೂ ಹಾಗೆಯೇ. ಆರೋಗ್ಯವಾದ ತೊಟ್ಟಿಯ ಸ್ಪಂಜಿನ ತುಂಡು ಗೆಳೆಯರಿಂದ ಸಿಕ್ಕರೆ ಅದೇ ಹೆಪ್ಪು. ಸಿಗದಿದ್ದರೆ, ಫಿಲ್ಟರ್ ಓಡುತ್ತಿರುವ ಖಾಲಿ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್ ಕಾಣಿಸಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆ ಮೀನು ತನ್ನಿ.

ಸುಮಾರು 20 ಲೀಟರಿನ ತೊಟ್ಟಿ, ನೀರನ್ನು 25ರಿಂದ 27 ಡಿಗ್ರಿಯಲ್ಲಿಡುವ ಹೀಟರ್, ಮೆಲ್ಲಗೆ ಹರಿಸುವ ಫಿಲ್ಟರ್ ಬೇಕು. ಮೀನು ಹಾರುತ್ತದೆ, ಮುಚ್ಚಳವಿರಲಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಹೊಸ ನೀರಿಗೆ ಕಂಡೀಷನರ್ ಹಾಕಿ, ಅದೇ ಬಿಸುಪಿಗೆ ತನ್ನಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಷ್ಟೇ ಅದ್ದಿ ಹಿಂಡಿ. ಎರಡು ಗಂಡುಗಳನ್ನು ಎಂದೂ ಒಟ್ಟಿಗೆ ಬಿಡಬೇಡಿ, ಕಾದಾಡಿ ಸಾಯುತ್ತವೆ.

ನಮ್ಮ ಎರಡನೆಯ ಮೀನಿಗೆ ಈಗ ಎರಡು ವರ್ಷ. ಒಮ್ಮೊಮ್ಮೆ ನೀರಿನ ಮೇಲೆ ನೊರೆಯ ಗೂಡು ಕಟ್ಟುತ್ತದೆ. ಮುಂದಿನ ಸಲ ಆ ಕಪ್ಪುಗಳ ಮುಂದೆ ನಿಂತಾಗ ಮನಸ್ಸು ಕರಗಿದರೆ, ಅಂದು ತೊಟ್ಟಿಯನ್ನಷ್ಟೇ ಕೊಂಡು ಮನೆಗೆ ಬನ್ನಿ.