ಒಂದೇ ಎ ಮೇಜರ್, ಎರಡು ಭಾವ: ಸ್ಕಾರ್ಲಾಟಿಯ ಜೋಡಿ ಸೊನಾಟಾಗಳ ಧ್ವನಿಮುದ್ರಣವನ್ನು ಕೇಳುವ ಬಗೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಪಲ್ಲಡಂನಿಂದ ಮಂಡಿಸಿದ ಮಾತಿನ ಲಿಖಿತ ರೂಪ)

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೇನೆ. ಕಳೆದ ಗೋಷ್ಠಿಯಲ್ಲಿ ಒಂದು ವಾಕ್ಯ ಬಂದಿತ್ತು: ‘ಈ ಸೊನಾಟಾ ಎ ಮೇಜರ್‌ನಲ್ಲಿದೆ, ಆದ್ದರಿಂದ ಇದರ ಭಾವ ಸಂತೋಷ.’ ಧ್ವನಿಮುದ್ರಣಗಳ ಬಗ್ಗೆ ಬರೆಯುವಾಗ ನಾವೆಲ್ಲ ಇಂಥ ವಾಕ್ಯ ಬರೀತೇವೆ. ಇದರೊಳಗಿನ ‘ಆದ್ದರಿಂದ’ ನಿಲ್ಲುತ್ತದೆಯೇ ಅನ್ನೋದು ಇವತ್ತಿನ ಪ್ರಶ್ನೆ.

ಉದಾಹರಣೆಗೆ ದೊಮೆನಿಕೊ ಸ್ಕಾರ್ಲಾಟಿಯನ್ನು ತೆಗೆದುಕೊಳ್ಳೋಣ. 1685ರಲ್ಲಿ ನೇಪಲ್ಸ್‌ನಲ್ಲಿ ಹುಟ್ಟಿ, 1757ರಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡವನು. ಪೋರ್ಚುಗಲ್‌ನ ರಾಜಕುಮಾರಿ, ಮುಂದೆ ಸ್ಪೇನ್‌ನ ರಾಣಿಯಾದ ಮರಿಯಾ ಬಾರ್ಬರಾಗೆ ಸಂಗೀತ ಕಲಿಸಿದವನು. ಅವನ 555 ಸೊನಾಟಾಗಳಿಗೆ ರಾಲ್ಫ್ ಕಿರ್ಕ್‌ಪ್ಯಾಟ್ರಿಕ್ 1953ರಲ್ಲಿ ಕೊಟ್ಟ ಸಂಖ್ಯೆಗಳೇ ಇಂದಿನ ‘ಕೆ.’ ಸಂಖ್ಯೆಗಳು. ಇವುಗಳಲ್ಲಿ ಕೆ. 208, ಕೆ. 209 ಒಂದು ಜೋಡಿ. ಎರಡೂ ಎ ಮೇಜರ್. ಮೊದಲನೆಯದು ನಿಧಾನವಾಗಿ ಹಾಡಿನಂತೆ ಹರಿಯುತ್ತದೆ. ಎರಡನೆಯದು ಅಲೆಗ್ರೊ, ಚುರುಕಾದದ್ದು. ಸ್ವರಸಮೂಹ ಒಂದೇ ಇದ್ದೂ ಮೊದಲನೆಯದನ್ನು ‘ಸಂತೋಷ’ ಅನ್ನಲು ನಾಲಿಗೆ ಹಿಂಜರಿಯುತ್ತದೆ. ಅಲ್ಲಿಗೆ ಭಾವವನ್ನು ಕೀ ಒಂದೇ ನಿರ್ಧರಿಸೋದಿಲ್ಲ ಅಂತಾಯ್ತು.

ಹಾಗಾದ್ರೆ ಕೀ ಏನು ಮಾಡುತ್ತದೆ? ನಮ್ಮ ಕಿವಿಯಿಂದಲೇ ನೋಡೋಣ. ‘ಎ’ ಅಕ್ಷರವನ್ನು ಷಡ್ಜ ಮಾಡಿಕೊಂಡರೆ ಎ ಮೇಜರ್‌ನ ಸ್ವರಸ್ಥಾನಗಳು ಶಂಕರಾಭರಣದವು. ಆದರೆ ಕೆ. 208ರ ಮೊದಲರ್ಧ ಮುಗಿಯುವಷ್ಟರಲ್ಲಿ ಸಂಗೀತ ಇ ಮೇಜರ್‌ಗೆ ಹೋಗಿರುತ್ತದೆ, ಅಂದರೆ ಪಂಚಮವೇ ಹೊಸ ಷಡ್ಜ. ಇದಕ್ಕಾಗಿ ಡಿ ಸ್ವರ ಡಿ ಶಾರ್ಪ್ ಆಗಬೇಕು. ಹಳೆಯ ಷಡ್ಜವನ್ನು ಬಿಡದ ನಮ್ಮ ಕಿವಿಗೆ ಅದು ಶುದ್ಧ ಮಧ್ಯಮ ಹೋಗಿ ಪ್ರತಿ ಮಧ್ಯಮ ಬಂದಂತೆ, ಶಂಕರಾಭರಣದೊಳಗೆ ಕಲ್ಯಾಣಿ ಇಣುಕಿದಂತೆ ಕೇಳಿಸುತ್ತದೆ. ಗಮಕವಿಲ್ಲದ್ದರಿಂದ ಇದನ್ನು ರಾಗ ಅನ್ನಬಾರದು. ಸ್ವರಸ್ಥಾನದ ಹೋಲಿಕೆ ಅಷ್ಟೆ. ನಮ್ಮಲ್ಲಿ ಆಧಾರಶ್ರುತಿ ಕದಲದು, ಇಲ್ಲಿ ಆಧಾರವೇ ಪ್ರಯಾಣ ಮಾಡುತ್ತದೆ. ಕೀ ಕೊಡುವುದು ಈ ಪ್ರಯಾಣದ ದಾರಿಯನ್ನು.

ಇನ್ನೊಂದು ತೊಡಕು. ಧ್ವನಿಮುದ್ರಣ ಹಾಕಿ ಮೊಬೈಲ್‌ನ ಶ್ರುತಿ ಆ್ಯಪ್‌ನಲ್ಲಿ ನೋಡಿದವರು ‘ಇದು ಎ ಅಲ್ಲ, ಎ ಫ್ಲಾಟ್ ತೋರಿಸ್ತಿದೆ’ ಅಂತ ಹೇಳಬಹುದು. ಈಗಿನ ಸಾಮಾನ್ಯ ಮಾನದಂಡದಲ್ಲಿ ಎ ಅಂದರೆ ಸೆಕೆಂಡಿಗೆ 440 ಕಂಪನ. ಹಳೆಯ ಸಂಗೀತ ನುಡಿಸುವ ಅನೇಕರು ಎ ಸ್ವರವನ್ನು 415ಕ್ಕೆ ಇಟ್ಟುಕೊಳ್ಳುತ್ತಾರೆ, ಸುಮಾರು ಅರ್ಧ ಸ್ವರ ಕೆಳಗೆ. ನಮ್ಮ ಕಡೆಯ ತಮಿಳು ಬಳಕೆಯಲ್ಲಿ ಹೇಳೋದಾದರೆ, ಬರಹದಲ್ಲಿ ಆರು ಕಟ್ಟೈ, ಕಿವಿಗೆ ಬೀಳೋದು ಐದೂವರೆ ಕಟ್ಟೈ. ಎ ಮೇಜರ್ ಎಂಬ ಹೆಸರಿನಲ್ಲೇ ಭಾವ ಕೂತಿದ್ದರೆ ಅದು ಈಗ ಯಾವ ಮನೆಯಲ್ಲಿದೆ ಎಂದು ಕೇಳಬೇಕಾಗುತ್ತದೆ. ಹಳೆಯ ಅಸಮ ಶ್ರುತಿಮೇಳಗಳಲ್ಲಿ ಒಂದೊಂದು ಕೀಗೂ ಬೇರೆ ಬಣ್ಣವಿತ್ತು, ನಿಜ. ಆದರೆ ಆ ಬಣ್ಣ ಬಂದದ್ದು ವಾದ್ಯವನ್ನು ಕೂಡಿಸಿದ ರೀತಿಯಿಂದ.

ಈಗ ಕಾಲಪ್ರಮಾಣ. ಕೆ. 208ರ ತಲೆಬರಹ ಕೆಲವು ಮುದ್ರಣಗಳಲ್ಲಿ ‘ಆಡಾಜಿಯೊ ಎ ಕಾಂತಾಬಿಲೆ’, ಕೆಲವದರಲ್ಲಿ ‘ಆಂದಾಂತೆ ಎ ಕಾಂತಾಬಿಲೆ’. ಮೊದಲನೆಯದು ವಿಳಂಬ, ಎರಡನೆಯದು ನಡಿಗೆಯ ವೇಗ. ಸ್ಕಾರ್ಲಾಟಿಯ ಕೈಬರಹದ ಪ್ರತಿಗಳು ಉಳಿದಿಲ್ಲ. ವೆನಿಸ್ ಮತ್ತು ಪಾರ್ಮಾದಲ್ಲಿರುವ ನಕಲುಗಳೇ ಮುಖ್ಯ ಆಧಾರ. ಆದ್ದರಿಂದ ವಾದಕರೇ ತೀರ್ಮಾನಿಸಬೇಕು. ಎಡಗೈಯಲ್ಲಿ ಸಮನಾದ ಕಾಲು ಸ್ವರಗಳು ಹೆಜ್ಜೆ ಹಾಕುತ್ತವೆ. ನಿಮಿಷಕ್ಕೆ 60 ಹೆಜ್ಜೆಯಾದರೆ ಒಂದಕ್ಕೆ ಒಂದು ಸೆಕೆಂಡು. 40 ಆದರೆ ಒಂದೂವರೆ ಸೆಕೆಂಡು. ಆ ಅರ್ಧ ಸೆಕೆಂಡಿನಲ್ಲೇ ಎಲ್ಲ ಇದೆ, ಯಾಕಂದ್ರೆ ಹಾರ್ಪ್ಸಿಕಾರ್ಡ್ ಮೀಟುವ ವಾದ್ಯ. ಒಳಗಿನ ಚಿಕ್ಕ ಕಡ್ಡಿ ತಂತಿಯನ್ನು ಮೀಟಿದ ಕೂಡಲೇ ನಾದ ಕರಗಲು ಶುರು. ಬೆರಳನ್ನು ಒತ್ತಿ ಹೆಚ್ಚು ಜೋರು ಮಾಡೋಕೆ ಆಗೋದಿಲ್ಲ. ವೀಣೆಯಲ್ಲಾದರೆ ಮೀಟಿದ ಮೇಲೂ ತಂತಿ ಎಳೆದು ಗಮಕ ತರಬಹುದು. ಇಲ್ಲಿ ಆ ದಾರಿಯೂ ಇಲ್ಲ.

ಹಾಗಾಗಿ ನಿಧಾನ ನುಡಿಸುವವರು ಸ್ವರಗುಚ್ಛವನ್ನು ಒಮ್ಮೆಗೇ ಒತ್ತದೆ ಬಿಡಿಸಿ ನುಡಿಸುತ್ತಾರೆ, ಬಲಗೈಯನ್ನು ಎಡಗೈಗಿಂತ ತುಸು ತಡವಾಗಿ ಇಳಿಸುತ್ತಾರೆ, ಮರುಕಳಿಕೆಯಲ್ಲಿ ಅಲಂಕಾರ ಸೇರಿಸುತ್ತಾರೆ. ನಾವು ‘ವಿಷಾದ’ ಅಂತ ಬರೆಯೋದು ಬಹಳ ಸಲ ಈ ತಡವನ್ನೇ. ನಮ್ಮೂರಿನ ಪವರ್‌ಲೂಮ್ ತಪ್ಪದೆ ಸಮವಾಗಿ ಬಡಿಯುತ್ತದೆ, ಅದನ್ನು ಯಾರೂ ವಿಷಾದ ಅನ್ನೋದಿಲ್ಲ. ಸಮನಾದ ಎಡಗೈಯ ಮೇಲೆ ಬಲಗೈ ಹಿಂದೆ ಉಳಿದಾಗ ಮಾತ್ರ ಆ ಎಳೆತ ಹುಟ್ಟುತ್ತದೆ.

ಸಂವಾದದಲ್ಲಿ ಒಬ್ಬ ಅಧ್ಯಾಪಕರು ಕೇಳಿದರು: ‘ಇಟಲಿಯವನ ಸಂಗೀತಕ್ಕೆ ಮಧ್ಯಮ, ಕಟ್ಟೈ ಅನ್ನೋ ಮಾತು ಹಾಕೋದು ನ್ಯಾಯವಾ?’ ಹೋಲಿಕೆಯ ಮಿತಿ ಹೇಳಿ ಹಾಕಿದರೆ ನ್ಯಾಯವೇ ಸರ್. ಮುತ್ತುಸ್ವಾಮಿ ದೀಕ್ಷಿತರು ಯುರೋಪಿನ ಮಟ್ಟುಗಳನ್ನು ಕೇಳಿ ಶಂಕರಾಭರಣದಲ್ಲಿ ನೊಟ್ಟುಸ್ವರಗಳನ್ನು ರಚಿಸಿದರು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಪಿಯಾನೊ ಕಲಿತವರು, ಕೃತಿಗಳನ್ನೂ ರಚಿಸಿದರು, 1940ರ ದಶಕದ ಕೊನೆಗೆ ರಷ್ಯಾದ ಮೆಡ್ನರ್‌ನ ಸಂಗೀತದ ಧ್ವನಿಮುದ್ರಣಕ್ಕೆ ನೆರವನ್ನೂ ಕೊಟ್ಟರು. ಎರಡು ಕಿವಿಯ ಕೇಳ್ಮೆ ನಮಗೆ ಹೊಸದಲ್ಲ.

ಮುಂದಿನ ವಾರಕ್ಕೆ ಒಂದು ಕೆಲಸ. ಸ್ಕಾಟ್ ರಾಸ್ 1984–85ರಲ್ಲಿ ಎಲ್ಲ 555 ಸೊನಾಟಾಗಳನ್ನೂ ನುಡಿಸಿ ಮುದ್ರಿಸಿದ್ದಾರೆ, 34 ಸಿ.ಡಿ.ಗಳು. ಅವರ ಕೆ. 208, ಕೆ. 209 ಒಟ್ಟಿಗೆ ಕೇಳಿ. ಇನ್ನೊಬ್ಬ ವಾದಕರದ್ದನ್ನೂ ಪಕ್ಕದಲ್ಲಿಡಿ. ಎಡಗೈಯ ಹೆಜ್ಜೆ ಎಣಿಸಿ, ಎ ಎಲ್ಲಿಗೆ ಕೂಡಿದೆ ನೋಡಿ, ಮರುಕಳಿಕೆಯಲ್ಲಿ ಏನು ಬದಲಾಯ್ತು ಗುರುತು ಹಾಕಿ. ಭಾವದ ಪದವನ್ನು ಕೊನೆಗೆ ಬರೆಯಿರಿ, ಅದರ ಪಕ್ಕದಲ್ಲೇ ಈ ಮೂರರಲ್ಲಿ ಯಾವುದು ಆ ಪದ ಬರೆಸಿತು ಅನ್ನೋದನ್ನೂ ಬರೆಯಿರಿ.