ಮಕರಪುರದ ಹಳೇ ಸೊಸೈಟಿಯಲ್ಲೊಂದು ಮನೆ

ವಡೋದರದ ದಕ್ಷಿಣ ಅಂಚಿಗೆ, ಮುಂಬೈ ರೈಲು ಹಾದಿಯ ಪಕ್ಕಕ್ಕಿದೆ ಮಕರಪುರ. 1870ರಲ್ಲಿ ಖಂಡೇರಾವ್ ಗಾಯಕವಾಡರು ಇಲ್ಲಿ ಬೇಸಿಗೆಗೆಂದು ಕಟ್ಟಿಸಿದ ಅರಮನೆಯಲ್ಲಿ ಇಂದು ವಾಯುಪಡೆಯ ತರಬೇತಿ ಶಾಲೆಯಿದೆ. ಅರಮನೆಯ ಊರಿಗೆ ಆಮೇಲೆ ಜಿಐಡಿಸಿ (ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮ) ವಸಾಹತಿನ ಕಾರ್ಖಾನೆಗಳು ಬಂದವು, ಕಾರ್ಖಾನೆಗಳ ಹಿಂದೆ ದುಡಿಯುವ ಜನ ಬಂದರು. ಅವರಿಗಾಗಿ ಎದ್ದ ಲಿಫ್ಟಿಲ್ಲದ ಮೂರು-ನಾಲ್ಕು ಅಂತಸ್ತಿನ ಸೊಸೈಟಿಗಳಲ್ಲಿ ಈಗ ಒಂದೊಂದೇ ಮನೆ ಮಾರಾಟಕ್ಕೆ ಬರುತ್ತಿದೆ. ಕೆಲಸದ ಮೇಲೆ ಇಲ್ಲಿಗೆ ಬಂದು ನೆಲೆ ನಿಲ್ಲಬಯಸುವ ಕನ್ನಡ ಕುಟುಂಬಕ್ಕೆ ಇಂಥ ಮನೆ ಕೈಗೆಟುಕುತ್ತದೆ. ಕೊಳ್ಳಬಹುದೇ?

ಮೊದಲು ‘ಸೊಸೈಟಿ’ ಎಂಬ ಮಾತನ್ನೇ ಬಿಡಿಸಿಕೊಳ್ಳಬೇಕು. ನಮ್ಮ ಕಡೆ ಸೊಸೈಟಿ ಎಂದರೆ ರೇಷನ್ ಅಕ್ಕಿ, ಇಲ್ಲವೇ ಬೆಳೆಸಾಲ. ಗೃಹ ನಿರ್ಮಾಣ ಸಹಕಾರ ಸಂಘ ಎಂದರೆ ಸೈಟು ಹಂಚುವ ಸಂಸ್ಥೆ. ದೇಶದ ಮೊದಲ ವಸತಿ ಸಹಕಾರ ಸಂಘ 1909ರಲ್ಲಿ ಬೆಂಗಳೂರಿನಲ್ಲೇ ನೋಂದಣಿಯಾದರೂ ನಮ್ಮ ಅಪಾರ್ಟ್‌ಮೆಂಟುಗಳು ಹೆಚ್ಚಾಗಿ ಮಾಲೀಕರ ಸಂಘಗಳ ದಾರಿ ಹಿಡಿದವು. ಗುಜರಾತಿನಲ್ಲಿ ಸೊಸೈಟಿ ಎಂದರೆ ಜನ ವಾಸವಿರುವ ವಠಾರವೇ. ಅದಕ್ಕೆ 1961ರ ಗುಜರಾತ್ ಸಹಕಾರ ಸಂಘಗಳ ಕಾಯ್ದೆ ಅನ್ವಯಿಸುತ್ತದೆ. ಹಲವು ಹಳೇ ಸೊಸೈಟಿಗಳಲ್ಲಿ ನೆಲವೂ ಕಟ್ಟಡವೂ ಸಂಘದ ಹೆಸರಿನಲ್ಲಿರುತ್ತವೆ. ಸದಸ್ಯನ ಕೈಯಲ್ಲಿರುವುದು ಷೇರು ಪತ್ರ ಮತ್ತು ಹಂಚಿಕೆ ಪತ್ರ. ಹಾಗಾಗಿ ನೀವು ಕೊಳ್ಳುವುದು ನಾಲ್ಕು ಗೋಡೆಗಳ ಜೊತೆಗೆ ಇಪ್ಪತ್ತು-ಮೂವತ್ತು ಮನೆಯವರ ಕೂಡುಪಾಲನ್ನು. ಅವರ ಶಿಸ್ತೂ ಅವರ ಬಾಕಿಯೂ ಆ ಬೆಲೆಯಲ್ಲೇ ಸೇರಿ ಬರುತ್ತವೆ.

ಮನೆ ನೋಡಲು ಹೋದವರು ಹೊಸದಾಗಿ ಬಳಿದ ಬಣ್ಣ, ಅಡುಗೆಮನೆಯ ಟೈಲ್ಸ್ ನೋಡಿ ಮನಸೋಲುತ್ತಾರೆ. ನಾನು ಹೇಳುವುದು, ಮೊದಲು ಟೆರೇಸಿಗೆ ಹೋಗಿ. ಸಾಧ್ಯವಾದರೆ ಜುಲೈ-ಆಗಸ್ಟಿನ ಮಳೆಯಲ್ಲೇ ಹೋಗಿ. ನೀರಿನ ಟ್ಯಾಂಕಿನ ಅಡಿಭಾಗ, ಮೆಟ್ಟಿಲ ಮೇಲಿನ ಛಾವಣಿ, ಬಾಲ್ಕನಿಯ ತೊಲೆ ಇವುಗಳಲ್ಲಿ ಕಂದು ಗೆರೆ ಇಳಿದಿದೆಯೇ ನೋಡಿ. ಬೆರಳ ಗೆಣ್ಣಿನಿಂದ ಗಾರೆ ತಟ್ಟಿದಾಗ ಪೊಳ್ಳು ಸದ್ದು ಬಂತೆಂದರೆ ಒಳಗೆ ಗಾರೆ ಬಿಟ್ಟುಕೊಂಡಿದೆ ಎಂದರ್ಥ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಕಾಂಕ್ರೀಟಿನೊಳಗೆ ಇಳಿದು ಅದರ ಕ್ಷಾರಗುಣ ಕುಗ್ಗಿಸುತ್ತದೆ. ಆ ಕ್ಷಾರವೇ ಕಂಬಿಗೆ ರಕ್ಷೆ. ಅದು ಹೋದ ಮೇಲೆ ನೀರು ತಾಗಿದರೆ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಮೇಲೆ ಬಣ್ಣ ಹೊಡೆದರೆ ಇದು ಮರೆಯಾಗುತ್ತದೆ, ಗುಣವಾಗುವುದಿಲ್ಲ.

ದುರ್ಬಲ ಕಟ್ಟಡಗಳಿಗೆ ಈ ಊರು ಬೆಲೆ ತೆತ್ತಿದೆ. 2013ರ ಆಗಸ್ಟ್ 28ರಂದು ವಡೋದರದ ಅಟ್ಲಾದರಾದ ಮಾಧವನಗರದಲ್ಲಿ ಎರಡು ವಸತಿ ಕಟ್ಟಡಗಳು ಕುಸಿದು ಜನ ಸತ್ತರು. 2001ರ ಜನವರಿ 26ರ ಭೂಕಂಪದಲ್ಲಿ ಕಛ್‌ನಿಂದ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಬಿದ್ದವು. ನೆಲಮಹಡಿಯಲ್ಲಿ ಪಾರ್ಕಿಂಗಿಗೆಂದು ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡಗಳು ಅವುಗಳಲ್ಲಿ ಬಹಳ. ವಡೋದರ ಮೂರನೇ ಭೂಕಂಪ ವಲಯದಲ್ಲಿದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಶುಲ್ಕ ಕೊಟ್ಟು ತೋರಿಸಿ. ಅದರಲ್ಲಿ ಜಿಪುಣತನ ಬೇಡ. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿದಾಗ ನೀರು ಎಲ್ಲಿಯತನಕ ಬಂದಿತ್ತು ಎಂಬುದನ್ನು ಕೆಳಮನೆಯವರನ್ನೇ ಕೇಳಿ.

ಟೆರೇಸಿನಿಂದ ಇಳಿದು ನೇರ ಸೆಕ್ರೆಟರಿ ಮನೆಗೆ ಹೋಗಿ. ಐದು ವರ್ಷದ ಆಡಿಟ್ ವರದಿ ಕೇಳಿ, ದುರಸ್ತಿ ನಿಧಿಯಲ್ಲಿ ಎಷ್ಟಿದೆ, ಮೆಂಟೆನೆನ್ಸ್ ಬಾಕಿ ಯಾರ ಯಾರದಿದೆ ನೋಡಿ. 24 ಮನೆಗಳ ಸೊಸೈಟಿಯಲ್ಲಿ ಟೆರೇಸು, ಪೈಪುಗಳ ದುರಸ್ತಿಗೆ 12 ಲಕ್ಷ ಬೇಕಾಯಿತೆನ್ನಿ: ತಲಾ 50 ಸಾವಿರ. ಆರು ಮನೆಯವರು ಕೈಯೆತ್ತಿದರೆ ಉಳಿದ 18 ಮನೆಗಳ ಪಾಲು 66 ಸಾವಿರ ದಾಟುತ್ತದೆ. ತಿಂಗಳ ಮೆಂಟೆನೆನ್ಸ್ ತೀರಾ ಕಡಿಮೆ ಎಂದು ದಲಾಲಿ ಹೊಗಳಿದರೆ ನನಗಂತೂ ಅನುಮಾನವೇ ಬರುತ್ತದೆ. ದುರಸ್ತಿಗೆ ಹಣ ಕೂಡಿಡದ ಸೊಸೈಟಿ ಎಂದೇ ಅದರ ಅರ್ಥ.

ಇನ್ನು ಕಾಗದಪತ್ರದ ವಿಷಯ. ಹಳೇ ಮನೆಗಳು ಎಷ್ಟೋ ಬಾರಿ ಬರೀ ಷೇರು ಪತ್ರ ವರ್ಗಾಯಿಸಿಕೊಂಡೇ ಕೈ ಬದಲಾಗಿವೆ. ಹಿಂದಿನ ಪ್ರತಿಯೊಂದು ಮಾರಾಟಕ್ಕೂ ನೋಂದಾಯಿತ ದಸ್ತಾವೇಜು ಇದೆಯೇ ಎಂದು ವಕೀಲರಿಂದ ತಪಾಸಣೆ ಮಾಡಿಸಿ. ಕೊಂಡಿ ತಪ್ಪಿದ್ದರೆ ಬ್ಯಾಂಕು ಸಾಲ ಕೊಡಲು ಹಿಂದೆಗೆಯುತ್ತದೆ. ಬಿ.ಯು. ಪರ್ಮಿಷನ್, ಅಂದರೆ ಪಾಲಿಕೆಯ ವಾಸಯೋಗ್ಯತೆಯ ಪತ್ರ, ಬೇಕೇ ಬೇಕು. ಬಾಲ್ಕನಿ ಮುಚ್ಚಿ ಕೋಣೆ ಮಾಡಿದ್ದರೆ ಇಂಪ್ಯಾಕ್ಟ್ ಫೀ ಕಟ್ಟಿ ಸಕ್ರಮ ಮಾಡಿಸಿದ ಚೀಟಿ ಕೇಳಿ. ವಡೋದರದ ಕೆಲವು ಭಾಗಗಳು ‘ಅಶಾಂತ್ ಧಾರೋ’ ಎಂದು ಕರೆಯುವ 1991ರ ಕಾಯ್ದೆಯಡಿ ಅಶಾಂತ ಪ್ರದೇಶಗಳೆಂದು ಘೋಷಿತವಾಗಿವೆ. ಅಲ್ಲಿ ಮುಂಚಿತವಾಗಿ ಕಲೆಕ್ಟರರ ಅನುಮತಿಯಿಲ್ಲದೆ ಆದ ಮಾರಾಟ ಊರ್ಜಿತವಲ್ಲ. ನೀವು ನೋಡಿದ ಮನೆಯ ಸರ್ವೆ ನಂಬರು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 4.9, ನೋಂದಣಿ ಶುಲ್ಕ ಶೇ. 1, ಕೊಳ್ಳುವವರು ಹೆಣ್ಣುಮಕ್ಕಳಾದರೆ ನೋಂದಣಿ ಶುಲ್ಕ ಮಾಫಿ. ಸೊಸೈಟಿಗಳು ಮನಸ್ಸಿಗೆ ಬಂದಷ್ಟು ವರ್ಗಾವಣೆ ಶುಲ್ಕ ಕೇಳುತ್ತಿದ್ದ ಕಾಲ ಮುಗಿಯಿತು: 2025ರ ನಿಯಮದಂತೆ ಅದು ಮಾರಾಟದ ಮೊತ್ತದ ಶೇ. 0.5 ಅಥವಾ ಒಂದು ಲಕ್ಷ ರೂಪಾಯಿ, ಯಾವುದು ಕಡಿಮೆಯೋ ಅಷ್ಟನ್ನು ಮೀರುವಂತಿಲ್ಲ.

ದಲಾಲಿಗಳ ಕೊನೆಯ ಅಸ್ತ್ರ ರೀಡೆವಲಪ್‌ಮೆಂಟ್. ಕಟ್ಟಡಕ್ಕೆ 25 ವರ್ಷವಾಗಿದ್ದು ಶೇ. 75 ಮಾಲೀಕರು ಒಪ್ಪಿದರೆ ಕೆಡವಿ ಹೊಸದು ಕಟ್ಟಲು ಗುಜರಾತಿನ ಕಾನೂನು ಅವಕಾಶ ಕೊಡುತ್ತದೆ. 24 ಮನೆಗಳಲ್ಲಿ 18 ಸಹಿ. ಕೇಳಲು ಸುಲಭ; ಮೆಟ್ಟಿಲ ಲೈಟಿಗೇ ಒಮ್ಮತ ಬಾರದ ಕಡೆ ಈ ಸಹಿಗಳು ಎಂದು ಕೂಡುತ್ತವೆ? ಆ ಆಸೆಗೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಟೆರೇಸು ಒಣಗಿದ್ದು, ನಿಧಿ ತುಂಬಿದ್ದು, ದಸ್ತಾವೇಜಿನ ಕೊಂಡಿ ತಪ್ಪದಿದ್ದರೆ ಮೂವತ್ತು ವರ್ಷದ ಮನೆಯನ್ನೂ ಧೈರ್ಯವಾಗಿ ಕೊಳ್ಳಬಹುದು. ಬೆಳೆದ ಬೇವಿನ ಮರ, ಹೆಸರು ಹಿಡಿದು ಕರೆಯುವ ನೆರೆಹೊರೆ ಹೊಸ ಬಡಾವಣೆಯಲ್ಲಿ ಸಿಗುವುದಿಲ್ಲ. ಲೆಕ್ಕದ ಪುಸ್ತಕ ತೋರಿಸಲು ಸೆಕ್ರೆಟರಿ ಹಿಂದೆ ಮುಂದೆ ನೋಡಿದರೆ ಮಾತ್ರ ಮುಂಗಡ ಕೊಡದೆ ಎದ್ದು ಬನ್ನಿ.